ಮೆಟ್ಟಿಲ ಮೇಲಿನ ಸಾಬವ್ವ

ಮರಾಠಿ ನಾಡಿನ ಖಡಕಿಯಲ್ಲಿದ್ದ ನಮ್ಮ ಕನ್ನಡ ಸಭೆಗೆ ಸ್ವಂತ ಕಟ್ಟಡವಿರಲಿಲ್ಲ. ಬ್ರಿಟಿಷರ ಕಾಲದ ಕಲ್ಲಿನ ಚರ್ಚೊಂದರಲ್ಲಿ ಭಾನುವಾರ ಬೆಳಿಗ್ಗೆ ಇಂಗ್ಲಿಷಿನವರು, ಅವರ ಹಿಂದೆ ಮರಾಠಿಯವರು, ಅವರ ಹಿಂದೆ ತಮಿಳರು ಆರಾಧನೆ ಮುಗಿಸಿ ಹೋದ ಮೇಲೆ, ಉಂಡು ಕಣ್ಣೆಳೆಯುವ ಮೂರು ಗಂಟೆಯ ಹೊತ್ತಿಗೆ ನಮ್ಮ ಪಾಳಿ. ಉಳಿದವರು ಕೂತೆದ್ದ ಬೆಂಚುಗಳ ಮೇಲೆ ನಾವು ಕೂರುತ್ತಿದ್ದೆವು. ಹಾಗಂತ ನಮ್ಮ ಬಿಗುಮಾನಕ್ಕೇನೂ ಕೊರತೆಯಿರಲಿಲ್ಲ. ಎಂಬತ್ತು ಮನೆಗಳ ಸಭೆಗೆ ಒಂಬತ್ತು ಜನರ ಕಮಿಟಿ, ಕಮಿಟಿಗೊಬ್ಬ ಅಧ್ಯಕ್ಷ, ಅಧ್ಯಕ್ಷನಿಗೊಂದು ಕೈಯಿದ್ದ ಕುರ್ಚಿ. ಆ ಕಮಿಟಿಗೆ ಹದಿನೇಳು ವರ್ಷ ಕಾರ್ಯದರ್ಶಿಯಾಗಿದ್ದವನು ನಾನು, ಮಧುಕರ, ಅಲ್ಲಿನ ಮದ್ದುಗುಂಡಿನ ಫ್ಯಾಕ್ಟರಿಯ ಆಫೀಸಿನಲ್ಲಿ ಗುಮಾಸ್ತ. ಅಕ್ಷರ ದುಂಡಗಿದೆ, ಇಂಗ್ಲಿಷ್ ಬರುತ್ತದೆ, ಯಾರಿಗೂ ಎದುರು ಮಾತಾಡುವುದಿಲ್ಲ ಎಂಬ ಮೂರು ಗುಣ ನೋಡಿ ನನ್ನನ್ನು ಆರಿಸಿದ್ದರು. ಮೂರನೆಯದೇ ಅವರಿಗೆ ಮುಖ್ಯವಾಗಿತ್ತು.

ಅಧ್ಯಕ್ಷರು ಮುರುಗೆಪ್ಪನವರು, ಅದೇ ಫ್ಯಾಕ್ಟರಿಯಲ್ಲಿ ಫೋರ್‌ಮನ್. ನಮ್ಮಲ್ಲಿ ಸಾಕ್ಷಿ ಹೇಳುವ ಪದ್ಧತಿಯಿದೆ. ದೇವರು ತನಗೆ ಮಾಡಿದ ಉಪಕಾರವನ್ನು ಎದ್ದು ನಿಂತು ಎಲ್ಲರ ಮುಂದೆ ಹೇಳಬೇಕು. ಮುರುಗೆಪ್ಪನವರ ಸಾಕ್ಷಿ ಊರಿಗೆಲ್ಲ ಬಾಯಿಪಾಠ. ಅವರು ಒಂದು ಕಾಲದಲ್ಲಿ ಕುಡುಕರಾಗಿದ್ದರು, ದೇವರು ಬಿಡಿಸಿದ. ನಾನು ಮೊದಲ ಸಲ ಕೇಳಿದಾಗ ದಿನಕ್ಕೊಂದು ಬಾಟಲಿ ಕುಡಿಯುತ್ತಿದ್ದರು. ನಾಲ್ಕೈದು ವರ್ಷ ಕಳೆಯುವಷ್ಟರಲ್ಲಿ ಅದು ಮೂರಕ್ಕೇರಿತ್ತು. ಕುಡಿಯುವುದನ್ನು ಬಿಟ್ಟ ಮೇಲೆ ಇಷ್ಟೊಂದು ಕುಡಿದ ಮನುಷ್ಯನನ್ನು ನಾನು ಬೇರೆಲ್ಲೂ ಕಂಡಿಲ್ಲ. ಅವರ ಹೆಂಡತಿ ರಾಧಾಬಾಯಿ ಪ್ರತಿ ಸಲವೂ ಸರಿಯಾದ ಜಾಗದಲ್ಲಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು.

ಇಂಥ ಮಹಾಭಕ್ತರ ನಡುವೆ ಬಂದು ಸಿಕ್ಕಿಕೊಂಡವಳು ಸಾಬವ್ವ. ಈಗಲೂ ಖಡಕಿಯಲ್ಲೇ ಇದ್ದಾಳೆ, ಇವತ್ತು ಬೆಳಿಗ್ಗೆ ಕೂಡ ಬಜಾರಿನಲ್ಲಿ ಮೆಂತ್ಯದ ಸೊಪ್ಪಿಗೆ ಜಗಳವಾಡುತ್ತಿದ್ದಳು. ದೊಡ್ಡವರ ಜೀವನಚರಿತ್ರೆ ಬರೆಯಲು ಬೇಕಾದಷ್ಟು ಜನರಿದ್ದಾರೆ. ನಾನು ಇವಳದನ್ನು ಬರೆಯುತ್ತೇನೆ, ಯಾಕೆಂದರೆ ಇವಳ ಬಗ್ಗೆ ನನ್ನ ದುಂಡಗಿನ ಅಕ್ಷರದಲ್ಲಿ ಈಗಾಗಲೇ ಒಂದು ಸುಳ್ಳು ಬರೆದಿಟ್ಟಿದ್ದೇನೆ.

ಶೋರಾಪುರದ ಕಡೆಯವಳು. ಹುಟ್ಟುವ ಮೊದಲು ತಾಯಿ ಯಾವುದೋ ದರ್ಗಾಕ್ಕೆ ಹರಕೆ ಹೊತ್ತಿದ್ದಳಂತೆ, ಅದಕ್ಕೆ ಸಾಬವ್ವ. ಗಂಡ ಹುಲಿಗೆಪ್ಪ, ಅವನು ಹುಲಿಗೆಮ್ಮ ದೇವಿಯ ಹೆಸರಿನವನು. ಎಪ್ಪತ್ತೊಂದರಲ್ಲಿ ಇಬ್ಬರೂ ಹುಲಿಗೆಪ್ಪನ ಅಣ್ಣ ಲಾಲಪ್ಪನ ಕೈಕೆಳಗೆ ಕೂಲಿಗೆ ಬಂದರು. ಲಾಲಪ್ಪ ಕಟ್ಟಡದ ಕೆಲಸದಲ್ಲಿ ಮುಕಾದಮ, ಊರಿನಿಂದ ನಲವತ್ತು ಜನರನ್ನು ಕರೆತಂದು ಮಿಲಿಟರಿಯವರ ಕ್ವಾರ್ಟರ್ಸ್ ಕಟ್ಟಿಸುತ್ತಿದ್ದ. ಎಲ್ಲರೂ ಅಲ್ಲೇ ತಗಡಿನ ಶೆಡ್ಡುಗಳಲ್ಲಿ ಇರುತ್ತಿದ್ದರು. ಸಾಬವ್ವ ಗಟ್ಟಿಮುಟ್ಟಾದ ಹೆಂಗಸು. ತಲೆಯ ಮೇಲೆ ಹನ್ನೆರಡು ಇಟ್ಟಿಗೆ ಹೊತ್ತು ಮೂರನೆಯ ಮಹಡಿಗೆ ಹತ್ತುತ್ತಿದ್ದಳು, ಅದೂ ಬೈಯುತ್ತಾ.

ಎಪ್ಪತ್ನಾಲ್ಕರಲ್ಲಿ ಹುಲಿಗೆಪ್ಪ ಬಿದಿರಿನ ಅಟ್ಟಣೆಯ ಮೇಲಿಂದ ಕೆಳಗೆ ಬಿದ್ದ. ಜೀವ ಉಳಿಯಿತು, ಸೊಂಟದಿಂದ ಕೆಳಗೆ ಮಾತ್ರ ಏನೂ ಉಳಿಯಲಿಲ್ಲ. ಚುಚ್ಚಿದರೂ ತಿಳಿಯದು, ಸುಟ್ಟರೂ ತಿಳಿಯದು. ಆಸ್ಪತ್ರೆಯ ಡಾಕ್ಟರು ಇನ್ನು ಇವನು ನಡೆಯುವುದಿಲ್ಲವೆಂದು ಒಂದೇ ಮಾತಿನಲ್ಲಿ ಹೇಳಿಬಿಟ್ಟರು. ಅಷ್ಟು ಸತ್ಯ ಹೇಳಿ ಸುಮ್ಮನಾದವರು ಈ ಕಥೆಯಲ್ಲಿ ಅವರೊಬ್ಬರೇ.

ನಮ್ಮ ಪಾಸ್ಟರು ರೋಗಿಗಳಿಗೆ ಪ್ರಾರ್ಥನೆ ಮಾಡಲೆಂದು ಆ ವಾರ್ಡಿಗೆ ಹೋಗುತ್ತಿದ್ದರು, ಮುರುಗೆಪ್ಪನವರೂ ಜೊತೆಗಿರುತ್ತಿದ್ದರು. ಕನ್ನಡ ಮಾತಾಡುವ ಕೂಲಿ ಹೆಂಗಸು ಗಂಡನ ಮಂಚದ ಕೆಳಗೆ ಕೂತಿರುವುದು ಕಣ್ಣಿಗೆ ಬಿತ್ತು. ಪಾಸ್ಟರು ಪ್ರಾರ್ಥನೆ ಮಾಡಿದರು, ಅದು ಅವರ ಕೆಲಸ. ಮುರುಗೆಪ್ಪನವರು ಒಂದು ಹೆಜ್ಜೆ ಮುಂದೆ ಹೋಗಿ, ನಂಬಿದರೆ ಬರುವ ಈಸ್ಟರ್ ಹಬ್ಬಕ್ಕೆ ಇವನು ತನ್ನ ಕಾಲ ಮೇಲೆ ನಡೆದು ಚರ್ಚಿಗೆ ಬರುತ್ತಾನೆಂದು ಮಾತು ಕೊಟ್ಟರು. ದೇವರ ಪರವಾಗಿ ಮಾತು ಕೊಡಲು ಅವರನ್ನು ಯಾರು ನೇಮಿಸಿದ್ದರೋ ಗೊತ್ತಿಲ್ಲ, ನಮ್ಮ ಕಮಿಟಿಯಂತೂ ಠರಾವು ಮಾಡಿರಲಿಲ್ಲ.

ಆ ವರ್ಷದ ಡಿಸೆಂಬರಿನಲ್ಲಿ ಇಬ್ಬರಿಗೂ ದೀಕ್ಷಾಸ್ನಾನವಾಯಿತು. ಹುಲಿಗೆಪ್ಪನನ್ನು ಮಂಚದ ಸಮೇತ ನಾಲ್ವರು ಎತ್ತಿ ತಂದಿದ್ದರು. ಪಾಸ್ಟರು ಅವನಿಗೆ ಯಾಕೋಬ ಎಂದೂ ಅವಳಿಗೆ ಸಾರಾ ಎಂದೂ ಹೆಸರಿಟ್ಟರು. ಸಾರಾ ಎಂದು ಕೂಗಿದರೆ ಸಾಬವ್ವ ತಿರುಗಿ ಕೂಡ ನೋಡುತ್ತಿರಲಿಲ್ಲ. ಲಾಲಪ್ಪ ಅಂದಿನಿಂದ ಅವರ ಶೆಡ್ಡಿನ ಕಡೆ ಕಾಲಿಡಲಿಲ್ಲ. ಮನೆದೇವರನ್ನು ಬಿಟ್ಟವಳ ಕೈಯ ನೀರು ಬೇಡವೆಂದು ಎಲ್ಲರ ಮುಂದೆ ಹೇಳಿದ, ಆದರೆ ಅವಳನ್ನು ಕೆಲಸದಿಂದ ತೆಗೆಯಲಿಲ್ಲ. ಈ ಎರಡನೆಯ ಸಂಗತಿಯನ್ನು ನಮ್ಮ ಸಭೆಯಲ್ಲಿ ಯಾರೂ ಗಮನಿಸಲಿಲ್ಲ.

ಆಮೇಲೆ ಶುರುವಾಯಿತು ನೋಡಿ ನಮ್ಮವರ ಯಾತ್ರೆ. ಪ್ರತಿ ಭಾನುವಾರ ಆರಾಧನೆ ಮುಗಿದೊಡನೆ ಹತ್ತು ಹದಿನೈದು ಜನ ಆ ಶೆಡ್ಡಿಗೆ ಹೋಗಿ ಹುಲಿಗೆಪ್ಪನ ಹೊದಿಕೆ ಸರಿಸಿ ಅವನ ಕಾಲಬೆರಳುಗಳನ್ನು ನೋಡುತ್ತಾ ನಿಲ್ಲುವುದು. ಹೆಬ್ಬೆರಳು ಅಲುಗಿದ್ದನ್ನು ರಾಧಾಬಾಯಿಯವರು ಮೂರು ಸಲ ಕಂಡರು. ಹುಲಿಗೆಪ್ಪ ಪಾಪ ಗೋಡೆಗೆ ಮುಖ ತಿರುಗಿಸಿ ಮಲಗಿರುತ್ತಿದ್ದ. ಬಂದವರಿಗೆಲ್ಲ ಸಾಬವ್ವ ಚಹಾ ಮಾಡಿ ಕೊಡುತ್ತಿದ್ದಳು, ಅವರ ಮನೆಯ ಸಕ್ಕರೆ ಮುಗಿಯುವವರೆಗೆ ನಮ್ಮ ಪ್ರಾರ್ಥನೆ ನಡೆಯುತ್ತಿತ್ತು.

ಈಸ್ಟರ್ ಬಂತು. ಮುರುಗೆಪ್ಪನವರು ಹುಲಿಗೆಪ್ಪನಿಗೊಂದು ಬಿಳಿ ಅಂಗಿ ಹೊಲಿಸಿದ್ದರು. ಅವನನ್ನು ಎತ್ತಿ ತಂದು ಚರ್ಚಿನ ಬಾಗಿಲಲ್ಲಿ ಇಬ್ಬರು ಬಗಲಿಗೆ ಕೈಕೊಟ್ಟು ನಿಲ್ಲಿಸಿ, ಹಾಡು ಶುರುವಾದೊಡನೆ ಕೈಬಿಟ್ಟರು. ಅವನು ಇಟ್ಟಿಗೆಯ ನೆಲದ ಮೇಲೆ ಮುಖ ಅಡಿಯಾಗಿ ಬಿದ್ದ. ಮುಂದಿನ ಎರಡು ಹಲ್ಲು ಹೋದವು. ಸಾಬವ್ವ ಯಾರ ಮುಖವನ್ನೂ ನೋಡದೆ ಗಂಡನನ್ನು ಬೆನ್ನ ಮೇಲೆ ಹಾಕಿಕೊಂಡು ಬಜಾರಿನ ನಡುವೆ ನಡೆದು ಮನೆಗೆ ಹೋದಳು.

ಇನ್ನು ಅವಳು ನಮ್ಮ ಕಡೆ ತಲೆಹಾಕುವುದಿಲ್ಲ ಎಂದುಕೊಂಡೆವು. ಹಾಗಾಗಿದ್ದರೆ ಎಲ್ಲರಿಗೂ ಅನುಕೂಲವಾಗುತ್ತಿತ್ತು. ಮುಂದಿನ ಭಾನುವಾರ ಮೂರಕ್ಕೆ ಐದು ನಿಮಿಷ ಇರುವಾಗಲೇ ಬಂದು ಹಿಂದಿನ ಬೆಂಚಿನಲ್ಲಿ ಕೂತಿದ್ದಳು.

ಕೊಟ್ಟ ಮಾತು ಹುಸಿಯಾದರೆ ತಪ್ಪು ಯಾರದು? ದೇವರದು ಎನ್ನುವಂತಿಲ್ಲ, ಮುರುಗೆಪ್ಪನವರದು ಎನ್ನುವಂತೆ ಮೊದಲೇ ಇಲ್ಲ. ಉಳಿದವಳು ಸಾಬವ್ವ. ಆ ಮನೆಯಲ್ಲಿ ಏನೋ ಬಚ್ಚಿಟ್ಟಿದ್ದಾರೆ, ಹಳೆಯ ದೇವರನ್ನು ಪೂರ್ತಿ ಬಿಟ್ಟಿಲ್ಲ, ಅದಕ್ಕೇ ಗುಣವಾಗಲಿಲ್ಲ ಎಂದು ಮೊದಲು ಅಂದವರು ರಾಧಾಬಾಯಿ. ಮಾತು ಬೇಗ ಹಬ್ಬಿತು. ದೀಕ್ಷಾಸ್ನಾನಕ್ಕೆ ಮೊದಲು ಮನೆಯಲ್ಲಿದ್ದ ದೇವರುಗಳನ್ನು ಪಾಸ್ಟರಿಗೆ ಒಪ್ಪಿಸುವುದು ನಮ್ಮಲ್ಲಿ ರೂಢಿ, ಅವರು ಅವನ್ನು ಹೊಳೆಗೆ ಹಾಕುತ್ತಾರೆ. ಸಾಬವ್ವ ದೇವಿಯ ಮೂರ್ತಿ ಬಡಿದ ಒಂದು ತಾಮ್ರದ ತಗಡನ್ನು ಕೊಟ್ಟಿದ್ದಳು. ಅಷ್ಟೇ ಇತ್ತೇ, ಇನ್ನೂ ಇತ್ತೇ ಎಂದು ತನಿಖೆ ಮಾಡಲು ಕಮಿಟಿ ತೀರ್ಮಾನಿಸಿತು.

ಜೂನಿನ ಒಂದು ಸಂಜೆ ಪಾಸ್ಟರು, ಮುರುಗೆಪ್ಪನವರು, ರಾಧಾಬಾಯಿ, ಮತ್ತು ಬರೆದುಕೊಳ್ಳಲು ನಾನು, ನಾಲ್ವರು ಹೋದೆವು. ಸಾಬವ್ವ ಕೆಲಸದಿಂದ ಬಂದು ಆಗಲೇ ಸ್ವಲ್ಪ ಹೊತ್ತಾಗಿತ್ತು. ರಾಧಾಬಾಯಿ ಟ್ರಂಕು ತೆಗೆದು ಸೀರೆ ಕೊಡವಿ ನೋಡಿದರು, ಜೋಳದ ಡಬ್ಬಿಯಲ್ಲಿ ಮೊಣಕೈವರೆಗೆ ಕೈ ಹಾಕಿದರು. ಕೊನೆಗೆ ಒಲೆಯ ಪಕ್ಕದ ಗೂಡಿನಲ್ಲಿ ಬಟ್ಟೆ ಸುತ್ತಿಟ್ಟಿದ್ದ ಒಂದು ವಸ್ತು ಸಿಕ್ಕಿತು. ಬಿಚ್ಚಿದರೆ ಅಂಗೈಯಗಲದ ದುಂಡನೆಯ ಹೊಳೆಗಲ್ಲು. ಎಣ್ಣೆ ಕುಡಿದು ಮಿರುಗುತ್ತಿತ್ತು, ಮೇಲೆ ಅರಿಸಿನ ಮೆತ್ತಿತ್ತು, ಕೆಳಗೆ ಕಪ್ಪಗಿತ್ತು.

ಇಲ್ಲೊಂದು ಮಾತು ಹೇಳಬೇಕು. ಇಂಗ್ಲಿಷ್ ಆರಾಧನೆಯವರ ಕೈಗೆ ಆ ಕಲ್ಲು ಸಿಕ್ಕಿದ್ದರೆ ಕಾಗದ ಹಾರದಂತೆ ಮೇಜಿನ ಮೇಲೆ ಇಟ್ಟುಕೊಳ್ಳುತ್ತಿದ್ದರು. ನಾವು ನಾಲ್ವರೂ ನೋಡಿದ ಕೂಡಲೇ ಒಂದು ಹೆಜ್ಜೆ ಹಿಂದೆ ಸರಿದೆವು. ರಾಧಾಬಾಯಿಯವರ ಕೈ ತಾನಾಗಿಯೇ ಎದೆಯ ಮಟ್ಟಕ್ಕೆ ಎದ್ದು, ಅರ್ಧಕ್ಕೆ ನಿಂತಿತು. ನಮ್ಮ ಅಜ್ಜ ಅಜ್ಜಿಯರೆಲ್ಲ ಇಂಥದೇ ಕಲ್ಲಿಗೆ ಎಣ್ಣೆ ಅರಿಸಿನ ಹಚ್ಚಿ ಕೋಳಿ ಕುಯ್ದವರು. ಎರಡು ತಲೆಮಾರು ಹಾಡು ಹಾಡಿದರೂ ಆ ಭಯ ನಮ್ಮ ಮೈಯಿಂದ ಇಳಿದಿರಲಿಲ್ಲ. ಸಾಬವ್ವನೊಬ್ಬಳಿಗೆ ಮಾತ್ರ ಅದು ಕಲ್ಲಾಗಿ ಕಾಣುತ್ತಿತ್ತು.

ಗಂಡನ ಬೆನ್ನಿಗೆ ಕಾವು ಕೊಡುವ ಕಲ್ಲು ಅದು ಎಂದು ಅವಳು ಹೇಳಿದಳು. ಮಲಗಿ ಮಲಗಿ ಹೆಗಲು ಬೆನ್ನು ಹಿಡಿದುಕೊಳ್ಳುತ್ತದೆ, ಅರಿಸಿನ ಕಲೆಸಿದ ಔಡಲೆಣ್ಣೆ ಹಚ್ಚಿ ದಿನಾ ಬಿಸಿ ಮಾಡಿ ಒತ್ತುತ್ತೇನೆ ಎಂದಳು. ಸೊಂಟದ ಹತ್ತಿರ ಅವನಿಗೆ ಬಿಸಿ ತಿಳಿಯುವುದಿಲ್ಲವಾದ್ದರಿಂದ ಮೊದಲು ತನ್ನ ಮುಂಗೈಗೆ ಒತ್ತಿ ನೋಡಿಕೊಳ್ಳುತ್ತಿದ್ದಳು. ತೋಳು ಚಾಚಿ ತೋರಿಸಿದಳು, ಮೊಣಕೈಯಿಂದ ಮಣಿಕಟ್ಟಿನವರೆಗೆ ಸುಟ್ಟ ಕಲೆಗಳು. ಮುರುಗೆಪ್ಪನವರು ಆ ಕೈಯನ್ನು ನೋಡದೆ, ಕಲ್ಲನ್ನು ಮುಟ್ಟದೆ ಬಟ್ಟೆಯ ಸಮೇತ ಎತ್ತಿ ನನ್ನ ಅಂಗೈಗೆ ಉರುಳಿಸಿ, ಇದನ್ನು ಸಾಕ್ಷ್ಯವಾಗಿ ಹಿಡಿದುಕೋ ಎಂದರು.

ಕಲ್ಲು ಬೆಚ್ಚಗಿತ್ತು. ಆಗಷ್ಟೇ ಒಲೆಯಿಂದ ತೆಗೆದು ಅವನಿಗೆ ಒತ್ತಿ ಇಟ್ಟಿದ್ದಳು. ಅವಳು ಹೇಳುತ್ತಿರುವುದು ನಿಜವೆಂದು ನನಗೆ ಅಂಗೈಯಲ್ಲೇ ತಿಳಿಯಿತು. ಇವರು ನಂಬಲಿಲ್ಲ, ನಾನು ಬಾಯಿ ಬಿಡಲಿಲ್ಲ. ಒಂದು ಮಾತು, ಕಲ್ಲು ಬಿಸಿ ಇದೆ ಎಂದಿದ್ದರೆ ಸಾಕಿತ್ತು. ಮುರುಗೆಪ್ಪನವರು ಫ್ಯಾಕ್ಟರಿಯಲ್ಲಿ ನನಗಿಂತ ಮೇಲಿನವರು, ಮುಂದಿನ ತಿಂಗಳು ನನ್ನ ಬಡ್ತಿಯ ಮಾತಿತ್ತು. ಬೇರೆ ಯಾವ ಘನವಾದ ಕಾರಣವೂ ಇರಲಿಲ್ಲ. ಅಲ್ಲಿಂದ ನೇರ ಸೇತುವೆಗೆ ಹೋಗಿ, ಮುರುಗೆಪ್ಪನವರು ಕಲ್ಲನ್ನು ಮುಳಾ ಹೊಳೆಗೆ ಎಸೆದರು. ಮರುದಿನ ಸಾಬವ್ವ ಅದೇ ಹೊಳೆಯ ದಂಡೆಯಿಂದ ಇನ್ನೊಂದು ಕಲ್ಲು ಆರಿಸಿ ತಂದಳು.

ನಮ್ಮಲ್ಲಿ ತಿಂಗಳ ಮೊದಲ ಭಾನುವಾರ ಕರ್ತನ ಭೋಜನ. ಒಂದು ಚೂರು ರೊಟ್ಟಿ, ಒಂದೇ ಪಾತ್ರೆಯಿಂದ ಎಲ್ಲರಿಗೂ ಒಂದೊಂದು ಗುಟುಕು ದ್ರಾಕ್ಷಿಯ ರಸ. ಒಣದ್ರಾಕ್ಷಿ ನೆನೆಸಿ ಹಿಂಡಿ ಆ ರಸ ಮಾಡುವವರು ರಾಧಾಬಾಯಿ. ದೊಡ್ಡ ತಪ್ಪು ಮಾಡಿದವರಿಗೆ ಪಾತ್ರೆ ಕೊಡುವುದಿಲ್ಲ, ಅಷ್ಟು ಹೊತ್ತು ಅವರು ಎದ್ದು ಹೊರಗೆ ಹೋಗಬೇಕು. ಸಾಬವ್ವ ವಿಗ್ರಹ ಬಚ್ಚಿಟ್ಟ ತಪ್ಪಿಗಾಗಿ ಪಾತ್ರೆಗೆ ಅನರ್ಹಳೆಂದು ನಾನು ಪುಸ್ತಕದಲ್ಲಿ ಬರೆದೆ. ತಪ್ಪೊಪ್ಪಿಗೆಯ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದ ದಿನ ಅವಳನ್ನು ಮತ್ತೆ ಸೇರಿಸಿಕೊಳ್ಳುವುದೆಂದೂ ಬರೆದೆ. ಆ ಕಾಗದವನ್ನು ನಾನೇ ರಚಿಸಿದೆ, ಭಾಷೆ ಚೆನ್ನಾಗಿತ್ತು.

ಕಾಗದವನ್ನು ಮೊದಲ ಸಲ ಒಯ್ದು ಓದಿ ಹೇಳಿದಾಗ ಅವಳು ಕೇಳಿದ್ದು ಒಂದೇ. ಹೆಬ್ಬೆಟ್ಟು ಒತ್ತದೆ ಹೋದರೆ ಪಾತ್ರೆ ಯಾವತ್ತೂ ಸಿಗುವುದಿಲ್ಲವೇ ಎಂದು. ಸಿಗುವುದಿಲ್ಲ ಎಂದೆ. ಅವಳ ಕಣ್ಣಲ್ಲಿ ನೀರು ತುಂಬಿತು. ನನಗೆ ಆಶ್ಚರ್ಯವಾಯಿತು, ಯಾಕೆಂದರೆ ನಮಗೆ ಆ ಗುಟುಕು ತಿಂಗಳಿಗೊಮ್ಮೆಯ ರೂಢಿ, ಎಷ್ಟೋ ಸಲ ರಸ ಹುಳಿಯಾಗಿದೆ ಎಂದು ಮುಖ ಸಿಂಡರಿಸುತ್ತಿದ್ದೆವು. ಅವಳಿಗೆ ಅದು ಬೇಕಾಗಿತ್ತು. ಹುಟ್ಟಿದಾಗಿನಿಂದ ಊರ ಬಾವಿಯ ಹತ್ತಿರಕ್ಕೆ ಸೇರಿಸಿಕೊಳ್ಳದ ಜಾತಿಯವಳು, ಹತ್ತು ಜನ ಬಾಯಿಟ್ಟ ಪಾತ್ರೆಯನ್ನೇ ಕೈಗೆ ಕೊಡುತ್ತಾರೆ ಎಂಬುದು ಅವಳು ಈ ಧರ್ಮದಲ್ಲಿ ಕಂಡ ಮೊದಲ ಅದ್ಭುತ. ನಾವು ಅವಳಿಂದ ಕಿತ್ತುಕೊಂಡದ್ದು ಸರಿಯಾಗಿ ಅದನ್ನೇ.

"ನಾ ಸುಳ್ಳಿಗಿ ಹೆಬ್ಬಟ್ಟ ಒತ್ತಂಗಿಲ್ರಿ ಅಣ್ಣಾರ," ಅಂದಳು. "ಪಾತ್ರಿ ಬೇಕು, ಭಾಳ ಬೇಕು. ಆದ್ರ ಸುಳ್ಳ ಹೇಳಿ ಕುಡದ್ರ ಅದು ಗಂಟಲದಾಗ ಇಳಿಯಂಗಿಲ್ಲ."

ಅಂದಿನಿಂದ ಪ್ರತಿ ತಿಂಗಳ ಮೊದಲ ಭಾನುವಾರ ಇದೇ ದೃಶ್ಯ. ಅನರ್ಹರು ಹೊರಗೆ ಹೋಗಬೇಕೆಂದು ಪಾಸ್ಟರು ಓದುತ್ತಾರೆ, ಸಾಬವ್ವ ಹಿಂದಿನ ಬೆಂಚಿನಿಂದ ಎದ್ದು ಹೊರಗಿನ ಕಲ್ಲಿನ ಮೆಟ್ಟಿಲ ಮೇಲೆ ಹೋಗಿ ಕೂರುತ್ತಾಳೆ. ಮಳೆಯಿದ್ದರೆ ತಲೆಯ ಮೇಲೆ ಗೋಣಿಚೀಲ. ಒಳಗೆ ನಾವು ಪವಿತ್ರರೆಲ್ಲ ಸಾಲಾಗಿ ಹೋಗಿ ಕುಡಿದು ಬಾಯೊರೆಸಿಕೊಳ್ಳುತ್ತೇವೆ. ಕೊನೆಯ ಹಾಡಿಗೆ ಅವಳು ಒಳಗೆ ಬಂದು ನಮಗಿಂತ ಗಟ್ಟಿಯಾಗಿ ಹಾಡುತ್ತಾಳೆ. ಎರಡು ತಿಂಗಳಲ್ಲಿ ಬಿಟ್ಟು ಹೋಗುತ್ತಾಳೆಂದು ಮುರುಗೆಪ್ಪನವರು ಹೇಳಿದ್ದರು. ಒಂದು ವರ್ಷವಾಯಿತು, ನಾಲ್ಕಾಯಿತು, ಏಳಾಯಿತು. ಅವಳು ಸಿಟ್ಟು ಮಾಡಿ ಬೈದಿದ್ದರೆ ನಮಗೆ ನೆಮ್ಮದಿಯಾಗುತ್ತಿತ್ತು. ಕೂಲಿಯ ಜಾಗದಲ್ಲಿ ಎಲ್ಲರನ್ನೂ ಬೈಯುವ ಹೆಂಗಸು ಇಲ್ಲಿ ಮಾತ್ರ ಬೈಯುತ್ತಿರಲಿಲ್ಲ. ನನ್ನನ್ನು ಕಂಡರೆ ನಮಸ್ಕಾರ ಅಣ್ಣಾರ ಎನ್ನುತ್ತಿದ್ದಳು. ಆ ನಮಸ್ಕಾರಕ್ಕೆ ಹೆದರಿ ನಾನು ಎಷ್ಟೋ ಸಲ ಹಿಂದಿನ ಬಾಗಿಲಿನಿಂದ ಒಳಗೆ ಹೋಗಿದ್ದೇನೆ.

ವರ್ಷಕ್ಕೊಮ್ಮೆ ಕಮಿಟಿ ನನ್ನನ್ನು ಕಾಗದದ ಸಮೇತ ಅವಳಲ್ಲಿಗೆ ಕಳಿಸುತ್ತಿತ್ತು. ಅವಳು ಒಲ್ಲೆ ಎನ್ನುತ್ತಿದ್ದಳು, ಚಹಾ ಕೊಡುತ್ತಿದ್ದಳು. ಹಾಗೆ ಹೋದ ಒಂದು ಸಲ ಇದೆಲ್ಲ ಯಾಕೆ, ಮರಾಠಿಯವರ ಕಡೆಗಾದರೂ ಹೋಗಬಾರದೇ ಎಂದು ಕೇಳಿಯೇಬಿಟ್ಟೆ. ಅವಳು ಗಂಡನ ಕಡೆ ನೋಡಿ ದನಿ ತಗ್ಗಿಸಿ ಹೇಳಿದಳು. ಬಿದ್ದ ಎರಡನೆಯ ವರ್ಷ ಹುಲಿಗೆಪ್ಪ ದಿನಾ ಇಲಿಪಾಷಾಣ ತಂದುಕೊಡು ಎಂದು ಅಳುತ್ತಿದ್ದನಂತೆ. ಒಂದು ದಿನ ಇವಳು ತಂದೂ ಇಟ್ಟಿದ್ದಳು. ಇಬ್ಬರಿಗೂ ಸಾಲುವಷ್ಟು. ಅದನ್ನು ರೊಟ್ಟಿಯ ಹಿಟ್ಟಿಗೆ ಕಲೆಸುವ ಮೊದಲು, ನಾವು ಕಲಿಸಿದ್ದೆವಲ್ಲ, ಏನು ಮಾಡುವುದಿದ್ದರೂ ಪ್ರಾರ್ಥನೆ ಮಾಡಿ ಮಾಡಬೇಕೆಂದು, ಹಾಗಾಗಿ ಕಣ್ಣು ಮುಚ್ಚಿದಳಂತೆ. ಯಾವ ದನಿಯೂ ಕೇಳಲಿಲ್ಲ, ಬೆಳಕೂ ಕಾಣಲಿಲ್ಲ. ಇವತ್ತೊಂದು ದಿನ ಬದುಕಿ ತಳ್ಳಬಹುದು ಎಂಬಷ್ಟು ಧೈರ್ಯ ಬಂತು. ಎದ್ದು ಹೋಗಿ ಪೊಟ್ಟಣವನ್ನು ಮೋರಿಗೆ ಹಾಕಿದಳು.

"ದಿನಾ ಮುಂಜಾನಿ ಒಂದು ದಿನದ್ದಷ್ಟ ಕೇಳತೀನ್ರಿ," ಅಂದಳು. "ಇಲ್ಲೀತನಕ ಒಂದು ದಿನಾನೂ ಇಲ್ಲ ಅಂದಿಲ್ಲ ನೋಡ್ರಿ ಅಂವ. ಅವನ ಮನಿ ಬಿಟ್ಟು ಎಲ್ಲಿಗೋಗ್ಲಿ? ಮೆಟ್ಲ ಆದ್ರೇನು, ಅವನ ಮನೀದೇ ಅಲ್ಲೇನು."

ನಾನು ಕಾಗದ ಮಡಿಚಿ ಜೇಬಿಗೆ ಹಾಕಿಕೊಂಡು ಬಂದೆ. ಸಾಬವ್ವ ಇನ್ನೂ ಪಶ್ಚಾತ್ತಾಪಪಟ್ಟಿಲ್ಲ ಎಂದು ಕಮಿಟಿಗೆ ವರದಿ ಕೊಟ್ಟೆ.

ಎಂಬತ್ನಾಲ್ಕರ ಏಪ್ರಿಲಿನಲ್ಲಿ ಹುಲಿಗೆಪ್ಪ ತೀರಿಕೊಂಡ. ಹತ್ತು ವರ್ಷ ಮಲಗಿದ ಮೈಯಲ್ಲಿ ಹುಣ್ಣುಗಳು ಕಡಿಮೆಯಿದ್ದುದನ್ನು ಕಂಡು ಡಾಕ್ಟರೇ ಬೆರಗಾದರಂತೆ. ಬೆಳಿಗ್ಗೆ ಎಂಟಕ್ಕೇ ಅವಳು ಬಂದು ನಮ್ಮ ಸ್ಮಶಾನದಲ್ಲಿ ಜಾಗ ಕೇಳಿದಳು. ಮುರುಗೆಪ್ಪನವರು ಅಡ್ಡಿಯಿಲ್ಲ ಎಂದರು, ಆ ಕಾಗದಕ್ಕೊಂದು ಹೆಬ್ಬೆಟ್ಟು ಬೀಳಲಿ ಎಂದರು. ಹೆಣ ಇಟ್ಟುಕೊಂಡವಳು ಇನ್ನೇನು ಮಾಡುತ್ತಾಳೆ ಎಂಬ ಲೆಕ್ಕ. ಹೊರಗೆ ಬಿಸಿಲು ಏರುತ್ತಿತ್ತು. ನಾನು ಶಾಯಿಯ ಪ್ಯಾಡು ಹಿಡಿದುಕೊಂಡು ಪಕ್ಕದಲ್ಲಿ ನಿಂತಿದ್ದೆ, ಅಷ್ಟು ಸಿದ್ಧತೆ ನಮ್ಮದು. ಸಾಬವ್ವ ಪ್ಯಾಡನ್ನು ನೋಡಿದಳು, ನನ್ನನ್ನು ನೋಡಿದಳು, ತಿರುಗಿ ಹೋದಳು.

ಜಾಗ ಕೊಟ್ಟವನು ಲಾಲಪ್ಪ. ಹತ್ತು ವರ್ಷ ಆ ಮನೆಯ ನೀರು ಮುಟ್ಟದವನು ಹನ್ನೊಂದು ಗಂಟೆಗೆ ಗುದ್ದಲಿ ಹಿಡಿದ ಎಂಟು ಜನರನ್ನು ಕರೆದುಕೊಂಡು ಬಂದ. ತಮ್ಮ ಜನ ಹೂಳುವ ಮಾಳದಲ್ಲಿ ಆಗಲೇ ಗುಂಡಿ ತೋಡಿಸಿದ್ದ. ಡೊಳ್ಳು, ಭಂಡಾರ ಏನೂ ತರುವುದಿಲ್ಲ, ನಿನ್ನ ದೇವರ ಹೆಸರು ಹೇಳಿಯೇ ಮಣ್ಣು ಹಾಕು, ತಮ್ಮ ನನ್ನವನು, ಬಿಸಿಲಲ್ಲಿ ಇಡಬೇಡ ಎಂದ. ಅವನನ್ನು ನಮ್ಮವರು ಅಜ್ಞಾನಿ ಎಂದು ಕರೆಯುತ್ತಿದ್ದರು.

ನಾನೂ ಹೋಗಿದ್ದೆ, ಗುಂಪಿನ ಹಿಂದೆ. ಸಮಾಧಿಯ ಪ್ರಾರ್ಥನೆಯ ಪುಸ್ತಕ ನನ್ನ ಚೀಲದಲ್ಲಿತ್ತು. ಸಾಬವ್ವ ಅದನ್ನು ಓದಿ ಎಂದು ಕೇಳಿದಳು, ಅವಳಿಗೆ ಓದು ಬಾರದು. ಕಮಿಟಿಯ ಒಪ್ಪಿಗೆ ಬೇಕಾಗುತ್ತದೆ ಎಂದೆ. ಹೌದು, ಹೀಗೇ ಅಂದೆ, ತೋಡಿದ ಗುಂಡಿಯ ಮುಂದೆ ನಿಂತು. ಲಾಲಪ್ಪ ನನ್ನನ್ನು ನೋಡಿ ಪಕ್ಕಕ್ಕೆ ಉಗುಳಿದ. ಅವಳು ಸೆರಗು ಹೊದ್ದು ತಾನೇ ಮುಂದೆ ಬಂದಳು.

"ಅಪ್ಪಾ, ಇಂವಾ ನಡೀಲಿಲ್ಲ," ಅಂದಳು. "ನಡಸ್ತೀನಂತ ನೀ ಅಂದಿದ್ದಿಲ್ಲ, ಮಂದಿ ಅಂದಿದ್ರು. ಹತ್ತು ವರ್ಷ ನಾ ಎತ್ತೀನಿ. ಇನ್ನ ನೀ ಎತ್ತು."

ಅಷ್ಟೇ ಪ್ರಾರ್ಥನೆ. ಲಾಲಪ್ಪನ ಕಡೆಯವರೂ ಅಳುತ್ತಿದ್ದರು. ನನಗೆ ಅಳಲೂ ಮುಖವಿರಲಿಲ್ಲ, ಕತ್ತೆಯ ಹಾಗೆ ನಿಂತಿದ್ದೆ.

ಮುಂದಿನ ತಿಂಗಳ ಮೊದಲ ಭಾನುವಾರ ಅವಳು ಮತ್ತೆ ಮೆಟ್ಟಿಲ ಮೇಲಿದ್ದಳು. ಹೀಗೆ ಇನ್ನೆರಡು ವರ್ಷ ಹೋದವು. ನಮ್ಮ ಆರಾಧನೆ ಮುಗಿಯುವ ಹೊತ್ತಿಗೆ ತಮಿಳರ ಹಾಡಿನ ತಂಡ ಅಭ್ಯಾಸಕ್ಕೆ ಬರುತ್ತಿತ್ತು. ಈ ಹೆಂಗಸು ಯಾಕೆ ಹೊರಗೆ ಕೂರುತ್ತಾಳೆಂದು ಅವರು ತಮ್ಮತಮ್ಮಲ್ಲೇ ವಿಚಾರಿಸಿ, ಆ ಸುದ್ದಿ ಮದ್ರಾಸು ಕಡೆಯವರಾದ ನಮ್ಮ ಹೊಸ ಬಿಷಪ್ಪರ ಕಿವಿಗೆ ಬಿತ್ತು. ಎಂಬತ್ತಾರರ ನವೆಂಬರಿನಲ್ಲಿ ಭೇಟಿಗೆ ಬರುತ್ತೇನೆ, ಮೆಟ್ಟಿಲ ಮೇಲೆ ಕೂರುವ ಆ ವಿಧವೆಯ ಸಾಕ್ಷಿಯನ್ನು ಕೇಳಬೇಕೆಂದಿದ್ದೇನೆ ಎಂದು ಬಿಷಪ್ಪರು ಕಾಗದ ಬರೆದರು.

ಕಮಿಟಿಗೆ ಚಳಿ ಹಿಡಿಯಿತು. ಹನ್ನೊಂದು ವರ್ಷ ಬಗ್ಗದ ನಿಯಮ ಹನ್ನೊಂದು ನಿಮಿಷದಲ್ಲಿ ಬಗ್ಗಿತು. ಹೆಬ್ಬೆಟ್ಟು ಬೇಡ, ಕಾಗದ ಬೇಡ, ಅವತ್ತು ಅವಳಿಗೆ ಪಾತ್ರೆ ಕೊಟ್ಟುಬಿಡೋಣ ಎಂದರು. ಬದಲಿಗೆ ಅವಳು ಸಾಕ್ಷಿಯಲ್ಲಿ ಕಲ್ಲಿನ ಸುದ್ದಿ ಎತ್ತಬಾರದು, ಕಷ್ಟದಲ್ಲಿ ದೇವರು ಶಕ್ತಿ ಕೊಟ್ಟ, ಸಭೆಯವರು ಕೈಹಿಡಿದರು ಎಂದು ಹೇಳಿ ಕೂತರೆ ಸಾಕು. ಈ ಮಾತು ಮುಟ್ಟಿಸಿದವನೂ ನಾನೇ. ಅವಳು ಪೂರ್ತಿ ಕೇಳಿಸಿಕೊಂಡು, ದೇವರು ಶಕ್ತಿ ಕೊಟ್ಟದ್ದನ್ನು ಖಂಡಿತ ಹೇಳುತ್ತೇನೆ ಎಂದಳು. ನಾನು ಹಾಗೆಯೇ ವರದಿ ಮಾಡಿದೆ, ಮುರುಗೆಪ್ಪನವರು ನಿಟ್ಟುಸಿರು ಬಿಟ್ಟರು.

ಆ ಭಾನುವಾರ ಚರ್ಚು ತುಂಬಿತ್ತು. ಬಿಷಪ್ಪರಿಗೆ ಕನ್ನಡ ಬಾರದು, ಇಂಗ್ಲಿಷಿಗೆ ತಿರುಗಿಸಲು ನಾನು ಪಕ್ಕದಲ್ಲಿ ನಿಂತಿದ್ದೆ. ಮೊದಲು ಮುರುಗೆಪ್ಪನವರು ತಮ್ಮ ಬಾಟಲಿಗಳನ್ನು ಖಾಲಿ ಮಾಡಿದರು. ಆಮೇಲೆ ಸಾಬವ್ವ ಎದ್ದಳು. ಒಗೆದ ಹಸಿರು ಸೀರೆ, ತುಂಬುತೋಳಿನ ಕುಪ್ಪಸ. ಮುಂದೆ ಬಂದು ಮೇಜಿನ ಮೇಲಿದ್ದ ಪಾತ್ರೆಯನ್ನು ಒಮ್ಮೆ ನೋಡಿ, ನಮ್ಮ ಕಡೆ ತಿರುಗಿದಳು.

"ದೇವರು ನನಗ ಶಕ್ತಿ ಕೊಟ್ಟಾನ್ರಿ. ಗಂಡನ್ನ ಹತ್ತು ವರ್ಷ ಎತ್ತಾಕ ಕೊಟ್ಟ. ಅದೇನ್ ದೊಡ್ಡದಲ್ರಿ, ಇಟ್ಟಂಗಿ ಹೊತ್ತ ಮೈ ಇದು. ಈ ಮಂದೀನ್ನ ಹನ್ನೊಂದು ವರ್ಷ ತಡಕೊಳ್ಳಾಕ ಕೊಟ್ಟ ನೋಡ್ರಿ, ಅದು ದೊಡ್ಡದು. ಅದಕ್ಕ ಅವಗ ಸ್ತೋತ್ರ."

ಬಿಷಪ್ಪರು ನನ್ನ ಕಡೆ ತಿರುಗಿದರು. ಮುಂದಿನ ಬೆಂಚಿನಿಂದ ಮುರುಗೆಪ್ಪನವರು ನನ್ನನ್ನೇ ನೋಡುತ್ತಿದ್ದರು, ಆ ನೋಟದ ಅರ್ಥ ನನಗೆ ಹದಿನೇಳು ವರ್ಷದಿಂದ ಗೊತ್ತು. ಸಭೆಯವರು ಕೈಹಿಡಿದರು ಎಂದು ತಿರುಗಿಸಿಬಿಡುವುದು ನನಗೆ ಕಷ್ಟವಿರಲಿಲ್ಲ, ವಾಕ್ಯ ನಾಲಿಗೆಯ ತುದಿಗೆ ಬಂದೂ ಇತ್ತು. ಅವಳು ಮಾತ್ರ ನನ್ನನ್ನು ನೋಡುತ್ತಿರಲಿಲ್ಲ. ನಾನೇನು ಹೇಳುತ್ತೇನೆಂಬುದು ಅವಳಿಗೆ ಬೇಕಾಗಿಯೇ ಇರಲಿಲ್ಲ. ಅದು ನನಗೆ ನಾಟಿತು. ಅವಳು ಹೇಳಿದ್ದನ್ನು ಹೇಳಿದ ಹಾಗೆಯೇ ಇಂಗ್ಲಿಷಿನಲ್ಲಿ ಹೇಳಿದೆ.

ಈ ಮಂದಿ ಎಂದರೆ ಯಾರು ಎಂದು ಬಿಷಪ್ಪರು ಕೇಳಿದರು. ನಾನೇ, ಎಂದೆ. ಇವರು ಎಂದು ಮೊದಲ ಬೆಂಚನ್ನೂ ತೋರಿಸಿದೆ. ಒಮ್ಮೆ ಶುರುವಾದ ಮೇಲೆ ನಿಲ್ಲಿಸಲಾಗಲಿಲ್ಲ, ತನಿಖೆ, ನಾನು ಪುಸ್ತಕದಲ್ಲಿ ಬರೆದ ಸುಳ್ಳು, ಹೆಣದ ಮುಂದೆ ಹಿಡಿದ ಶಾಯಿಯ ಪ್ಯಾಡು, ಎಲ್ಲವನ್ನೂ ಹೇಳಿದೆ. ಒಳಗೊಳಗೆ ಏನೋ ದೊಡ್ಡ ಕೆಲಸ ಮಾಡುತ್ತಿದ್ದೇನೆಂಬ ಹಮ್ಮು ಬಂದಿತ್ತು, ಅದನ್ನೂ ಮುಚ್ಚಿಡುವುದಿಲ್ಲ. ಅರ್ಧಕ್ಕರ್ಧ ಸಭೆಗೆ ಇಂಗ್ಲಿಷ್ ತಿಳಿಯದು, ಸಾಬವ್ವನಿಗಂತೂ ಒಂದಕ್ಷರವಿಲ್ಲ.

"ಏನಂದ್ರಿ ಅಣ್ಣಾರ," ಅಂದಳು ಸಾಬವ್ವ. "ನಾ ಅಂದಿದ್ದಕಿಂತ ಭಾಳ ಉದ್ದ ಆತಲ್ಲ."

ಈಗ ಕನ್ನಡದಲ್ಲಿ ಹೇಳಬೇಕಾಯಿತು. ಅದು ಹತ್ತು ಪಟ್ಟು ಕಷ್ಟ. ಅವತ್ತು ಕಲ್ಲು ನನ್ನ ಕೈಯಲ್ಲಿ ಬಿಸಿಯಿತ್ತು, ನೀನು ಹೇಳಿದ್ದು ನಿಜವೆಂದು ನನಗೆ ಅವತ್ತೇ ಗೊತ್ತಿತ್ತು, ಸುಮ್ಮನಿದ್ದೆ ಎಂದೆ. ಅವಳು ಅಳುತ್ತಾಳೆ, ಇಲ್ಲವೇ ಬೈಯುತ್ತಾಳೆ, ಕ್ಷಮಿಸಿದೆ ಎನ್ನುತ್ತಾಳೆ ಎಂದೆಲ್ಲ ಎಣಿಸಿದ್ದೆ.

"ಅದು ನನಗ ಅವತ್ತೇ ಗೊತ್ತಿತ್ರಿ," ಅಂದಳು. "ಕೂಡ್ರಿ ನೀವು. ಪಾತ್ರಿ ತರ್ರಿ ಈಗ, ಹೊತ್ತಾತು."

ಇದನ್ನು ಬಿಷಪ್ಪರಿಗೆ ತಿರುಗಿಸಿ ಹೇಳುವ ಅಗತ್ಯ ಬೀಳಲಿಲ್ಲ. ಅವಳು ಆಗಲೇ ಮೇಜಿನ ಮುಂದೆ ಹೋಗಿ, ಎರಡೂ ಕೈ ಚಾಚಿ ನಿಂತಿದ್ದಳು.